ಸೇತುವೆಯ ಮೇಲೆ ನಲವತ್ತು ನಿಮಿಷ

“ನಲವತ್ತು ನಿಮಿಷ, ಶಶಾಂಕ್! ನಲವತ್ತು ನಿಮಿಷ ಲೇಟು!”

ಯೂರೋಪಿನ ಪೋರ್ಟೊ ನಗರದ ಆ ಎತ್ತರದ ಸೇತುವೆಯ ನಟ್ಟನಡುವೆ, ನಾಲ್ಕು ತಿಂಗಳ ನಂತರ ಎದುರಾದವನಿಗೆ ಮೇಧಾ ಹೇಳಿದ ಮೊದಲ ಮಾತು ಇದು. ಹೇಗಿದ್ದೀಯಾ ಅಂತಿಲ್ಲ, ಏನಿಲ್ಲ!

ಶಶಾಂಕ್ ತಬ್ಬಿಬ್ಬಾದ. “ಮೇಧಾ... ನಾನು ಇವತ್ತು...”

“ಬೇಡ! ಒಂದು ಮಾತೂ ಬೇಡ.”

ಕೈಗಡಿಯಾರ ನೋಡಿಕೊಂಡಳು. ಹತ್ತು ನಲವತ್ತು. ನಿನ್ನೆ ವಿಮಾನ ಇಳಿದ ಕೂಡಲೇ ಅವಳೇ ಈ ಊರಿನ ಸಮಯಕ್ಕೆ ಸರಿಮಾಡಿಕೊಂಡ ಗಡಿಯಾರ. ತಪ್ಪುವ ಮಾತೇ ಇಲ್ಲ.

‘ಇವನು ಬದಲಾಗುವವನಲ್ಲ... ನಂಬಿ ಬಂದ ನಾನೇ ಪೆದ್ದಿ!’ ಕಣ್ಣು ತುಂಬಿ ಬಂತು.

ಅವಳ ಕೋಪಕ್ಕೆ ಕಾರಣವಿತ್ತು. ಅಮೆರಿಕಕ್ಕೆ ಅವಳನ್ನು ನೋಡಲು ಬಂದಿದ್ದ ಅಪ್ಪ-ಅಮ್ಮ ಜೂನ್‌ನಲ್ಲಿ ಮೈಸೂರಿಗೆ ವಾಪಸ್ ಹೊರಟಾಗ, ಶಶಾಂಕ್ ಏರ್‌ಪೋರ್ಟಿಗೆ ಬಂದು ಅವರನ್ನು ಭೇಟಿಯಾಗಬೇಕಿತ್ತು. ಮದುವೆಯ ಮಾತು ಅಲ್ಲೇ ಆಗಬೇಕಿತ್ತು. ಮೇಧಾ ಗೈದರ್ಸ್‌ಬರ್ಗ್‌ನಿಂದ ಅಷ್ಟು ದೂರ ಡ್ರೈವ್ ಮಾಡಿ ಬಂದಳು. ಅವನ ಮನೆ ಏರ್‌ಪೋರ್ಟ್ ಪಕ್ಕದ ಆಶ್‌ಬರ್ನ್‌ನಲ್ಲೇ! ಆದರೂ ಅವರು ಸೆಕ್ಯೂರಿಟಿ ದಾಟಿ ಮರೆಯಾದ ಮೇಲೆ ಹೂಗುಚ್ಛ ಹಿಡಿದು ಬಂದ.

ಅವತ್ತೇ ಮೇಧಾ ಮಾತು ಬಿಟ್ಟಳು. ಅವನು ಕಂಪನಿ ಕೆಲಸದ ಮೇಲೆ ಪೋರ್ಟೊಗೆ ಬಂದುಬಿಟ್ಟ.

ಈ ಪ್ರವಾಸ ಗೆಳತಿ ನಮ್ರತಾಳ ಹಟ. “ಯೂರೋಪ್ ನೋಡೋಣ ಬಾರೆ” ಎಂದು ಟಿಕೆಟ್ ಬುಕ್ ಮಾಡಿ, ಆಮೇಲೆ ಊರಿನ ಹೆಸರು ಹೇಳಿದ ಕಿಲಾಡಿ ಅವಳು!

ಆದರೆ ಆ ಊರು ಮೊದಲ ನೋಟಕ್ಕೇ ಮೇಧಾಳ ಮನಸ್ಸು ಕದ್ದಿತ್ತು. ಏದುಸಿರು ಬರಿಸುವ ಏರು ಓಣಿಗಳು, ಗೋಡೆ ತುಂಬಾ ನೀಲಿ ಟೈಲ್ಸ್, ಕಿಟಕಿ ಕಿಟಕಿಗೂ ಒಣಗಲು ಹಾಕಿದ ಬಟ್ಟೆ!

“ನಮ್ಮು, ಅಲ್ನೋಡೆ! ಬಟ್ಟೆ ಹೊರಗಡೆ ಒಣಹಾಕಿದಾರೆ!”

“ಅಲ್ಲಿ ನಮ್ಮ ಟೌನ್‌ಹೌಸಲ್ಲಿ ಹೊರಗೆ ಒಂದು ಟವೆಲ್ ಒಣಹಾಕಿದ್ದಕ್ಕೇ ಅಸೋಸಿಯೇಷನ್‌ನಿಂದ ವಾರ್ನಿಂಗ್ ಮೇಲ್ ಬಂದಿತ್ತಲ್ಲೇ!”

ಇಬ್ಬರೂ ಬೀದಿಯಲ್ಲೇ ನಿಂತು ನಕ್ಕಿದ್ದರು. ಮೇಲಿನ ಕಿಟಕಿಯಿಂದ ಯಾರೋ ಅಜ್ಜಿ ಕೈಬೀಸಿದ್ದಳು. ಎಷ್ಟೋ ದಿನಗಳಿಂದ ಬಿಗಿದುಕೊಂಡಿದ್ದ ಎದೆ ಹಗುರಾಗಿತ್ತು. ಆ ಹಗುರದಲ್ಲೇ ಮೇಧಾ, ಒಂದೇ ಒಂದು ಸಲ ಸಿಗು ಎಂದು ಬೇಡಿದ್ದ ಶಶಾಂಕನ ಮೆಸೇಜಿಗೆ ಉತ್ತರ ಕೊಟ್ಟಿದ್ದಳು.

‘ಭಾನುವಾರ ಬೆಳಗ್ಗೆ ಹತ್ತಕ್ಕೆ, ಸೇತುವೆ ಮಧ್ಯೆ. ಒಂದು ನಿಮಿಷ ಲೇಟಾದ್ರೂ ನಾನಿರಲ್ಲ. ಮತ್ತೆ ಯಾವತ್ತೂ ಸಿಗಲ್ಲ.’

ಆಮೇಲೆ ಫೋನ್ ಸತ್ತಿತು. ಅಮೆರಿಕದ ಪ್ಲಗ್ಗು ಇಲ್ಲಿನ ಗೋಡೆಗೆ ಹಿಡಿಸಲಿಲ್ಲ. ತಂದಿದ್ದ ಒಂದೇ ಅಡಾಪ್ಟರಿನಲ್ಲಿ ನಮ್ರತಾಳ ಫೋನ್ ಇತ್ತು. ಗಡಿಯಾರ ಇದೆಯಲ್ಲ ಎಂದು ಮೇಧಾ ಗೆಳತಿಯನ್ನು ಎಬ್ಬಿಸದೆ ಬಂದಿದ್ದಳು.

“ದಾರಿ ಬಿಡು, ಶಶಾಂಕ್.”

“ಒಂದ್ಸಲ ನನ್ ಫೋನ್ ನೋಡು. ಒಂಬತ್ತು ನಲವತ್ತು! ನಾನು ಇಪ್ಪತ್ತು ನಿಮಿಷ ಬೇಗ ಬಂದಿದೀನಿ!”

“ಫೋನಲ್ಲಿ ಟೈಮ್ ಬೇರೆ ಬದಲಾಯಿಸ್ಕೊಂಡು ಬಂದ್ಯಾ? ನಾಚ್ಕೆ ಆಗಲ್ವಾ!”

ಪಾಪ... ಜನ್ಮದಲ್ಲಿ ಮೊದಲ ಸಲ ಬೇಗ ಬಂದರೆ ನಂಬುವವರು ಯಾರು? ತೋಳ ಬಂತು ತೋಳ ಎಂದವನ ಗತಿಯೇ ಆಯಿತು ಅವನದು.

ಅಷ್ಟರಲ್ಲಿ ನಮ್ರತಾ ಓಡಿಬಂದಳು.

“ಲೇ ಮೇಧಾ! ಎದ್ದು ನೋಡಿದ್ರೆ ನೀನಿಲ್ಲ! ಹತ್ತು ಗಂಟೆಗಲ್ವೇನೇ? ಇಷ್ಟು ಬೇಗ ಯಾಕ್ ಬಂದೆ?”

“ಬೇಗನಾ? ಹತ್ತು ನಲವತ್ತಾಗಿದೆ ಕಣೆ!”

ನಮ್ರತಾ ಅವಳ ಗಡಿಯಾರ ನೋಡಿದಳು, ತನ್ನ ಫೋನ್ ನೋಡಿದಳು, ಹಣೆ ಚಚ್ಚಿಕೊಂಡಳು.

“ಅಯ್ಯೋ ಮಾರಾಯ್ತಿ! ಚಳಿಗಾಲ ಬಂತು ಅಂತ ಇವತ್ತು ಬೆಳಗಿನ ಜಾವ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕಿದಾರೆ! ಫೋನ್ ತಾನಾಗೇ ಬದಲಾಗುತ್ತೆ, ನಿನ್ ಗಡಿಯಾರ ಆಗುತ್ತಾ?”

“ಅದು... ಮುಂದಿನ ಭಾನುವಾರ ಅಲ್ವಾ?”

“ಅದು ಅಮೆರಿಕದಲ್ಲಿ! ಯೂರೋಪ್‌ನಲ್ಲಿ ಒಂದು ವಾರ ಮುಂಚೆ!”

ಮೇಧಾ ನಾಲಿಗೆ ಕಚ್ಚಿಕೊಂಡಳು. ಮರುಕ್ಷಣವೇ ಹೋದ ಜೀವ ಬಂದಂತಾಯಿತು. ‘ಅವನು ಲೇಟಾಗಿಲ್ಲ... ನನಗಾಗಿ ಬೇಗ ಬಂದಿದ್ದಾನೆ!’

ನಮ್ರತಾ ಇಬ್ಬರ ಮುಖವನ್ನೂ ನೋಡಿ, “ನಾನು ಕಾಫಿ ಕುಡ್ಕೊಂಡ್ ಬರ್ತೀನಪ್ಪ” ಎಂದು ಜಾಗ ಖಾಲಿ ಮಾಡಿದಳು.

“ಮೇಧಾ...” ಶಶಾಂಕನ ದನಿ ಮೆತ್ತಗಾಗಿತ್ತು. “ಒಂದು ನಿಮಿಷ ಲೇಟಾದ್ರೂ ಇರಲ್ಲ ಅಂದಿದ್ದೆ.”

“ಹೂಂ.”

“ಮತ್ತೆ ನಿನ್ ಗಡಿಯಾರದ ಪ್ರಕಾರ... ನಲವತ್ತು ನಿಮಿಷ ನಿಂತಿದ್ಯಲ್ಲ?”

ಸಿಕ್ಕಿಬಿದ್ದಳು! ಕೆಳಗೆ ಹರಿಯುತ್ತಿದ್ದ ನದಿಯತ್ತ ಮುಖ ತಿರುಗಿಸಿದಳು. ಕೆನ್ನೆಯ ಮೇಲೆ ನೀರಿಳಿಯಿತು.

“ಹೊರಡೋಕಾಗ್ಲಿಲ್ಲ ಕಣೋ... ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ... ನೀನು ಬರ್ದೇ ಹೋದ್ರೆ ಅಂತ ಎಷ್ಟು ಭಯ ಆಯ್ತು ಗೊತ್ತಾ?”

“ಸಬೂಬು ಹೇಳಲ್ಲ ಮೇಧಾ. ನೀನು ಹೇಗೂ ಕಾಯ್ತೀಯಾ ಅನ್ನೋ ಧೈರ್ಯ ನಂಗೆ. ಅದೇ ತಪ್ಪು. ಇನ್ಮೇಲೆ ಕಾಯೋ ಕೆಲ್ಸ ನಂದು. ಹೋದ ವಾರ ಅಂಕಲ್‌ಗೂ ಫೋನ್ ಮಾಡಿ ಕ್ಷಮೆ ಕೇಳ್ದೆ.”

“ಅಪ್ಪಂಗಾ? ಏನಂದ್ರು?”

“ಮಗಳು ಒಪ್ಪಿದ್ರೆ ಸರಿ ಅಂದ್ರು. ಆದ್ರೆ ನಾನು ಮುಹೂರ್ತದ ಹಿಂದಿನ ದಿನವೇ ಬಂದು ಛತ್ರದಲ್ಲಿ ಕೂತಿರ್ಬೇಕಂತೆ.”

ಅಳುತ್ತಲೇ ನಕ್ಕಳು ಮೇಧಾ. ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದಳು. ಹತ್ತಾಗಲು ಇನ್ನೂ ಸಮಯವಿತ್ತು.

“ಹತ್ತು ಗಂಟೆಗೆ ಇಲ್ಲಿ ನಂಗೊಬ್ಬ ಸಿಗ್ಬೇಕಿತ್ತು.”

“ಯಾರು?”

“ಇದಾನೆ ಒಬ್ಬ. ಯಾವಾಗ್ಲೂ ಲೇಟು.”

“ಹೌದಾ... ಅವನು ಬರೋವರೆಗೂ ನಾನಿರ್ಲಾ?”

ಮೇಧಾ ಅವನ ಕೈಯೊಳಗೆ ತನ್ನ ಕೈ ಇಟ್ಟಳು.

“ಅವನು ಬಂದ್ಮೇಲೂ ಇರು.”