ಎರಡನೇ ಗಿಟಾರು

“ಒಬ್ಬನ ಇಬ್ಬರಾಗಿ ಕುಂತೀಯಲ್ಲೋ. ನಾಚಿಕಿ ಬರ್ಲಿಲ್ಲೇನು ನಿನಗ?”

ಸುವರ್ಣಾ ಮೊಬೈಲನ್ನು ಧರ್ಮರಾಜನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಪರದೆ ಎರಡು ಭಾಗವಾಗಿತ್ತು. ಎಡಕ್ಕೆ ಕಪ್ಪು ಟೀ ಶರ್ಟಿನ ಧರ್ಮರಾಜ, ಬಲಕ್ಕೆ ಕೆಂಪು ಟೀ ಶರ್ಟಿನ ಧರ್ಮರಾಜ. ಇಬ್ಬರ ಕೈಯಲ್ಲೂ ಗಿಟಾರು.

“ಬಲಗಡಿ ಕೇಳೋದು ನನ್ನ ಗಿಟಾರ. ಬಾರಿಸಿದಾಕಿ ನಾನು. ನೀ ಬರೇ ಬೆರಳು ಕುಣಿಸೀದಿ. ಅದೂ ತಪ್ಪು. ಅಲ್ಲಿ ನಾ ಕಿರಿಬೆರಳು ಹಚ್ತೇನಿ.”

“ಮೆಲ್ಲಕ ಮಾತಾಡು. ಅಂಗಡಿಗೆ ಮಂದಿ ಬರ್ತಾರ.”

“ಬರ್ಲಿ. ಬಂದು ಕೇಳ್ಲಿ.”

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಆ ಸೌಂಡ್ ಸಿಸ್ಟಮ್ ಅಂಗಡಿ ಧರ್ಮರಾಜನದು. ಮದುವೆಗೆ, ಜಯಂತಿಗೆ ಸ್ಪೀಕರು ಬಾಡಿಗೆ ಕೊಡುವುದು ಹೊಟ್ಟೆಪಾಡು. ಹಿಂದಿನ ಕೋಣೆಯ ಗೋಡೆಗೆ ಹಳೆಯ ಗಾದಿ ಬಡಿದು ಮಾಡಿಕೊಂಡ ಸ್ಟುಡಿಯೋ ಅವನ ಹುಚ್ಚು. ಚಿಕ್ಕಂದಿನಲ್ಲಿ ಟಿವಿಗೆ ಜೋಡಿಸಿ ಆಡಿದ ವಿಡಿಯೋ ಗೇಮುಗಳ ಕಿಣಿಕಿಣಿ ಸಂಗೀತವನ್ನು ಹೆವಿ ಮೆಟಲ್ ಗಿಟಾರಿಗೆ ಹೊಂದಿಸಿ, ಎದೆಯ ಎಲುಬು ನಡುಗುವ ಹಾಗೆ ಬಾರಿಸಿ ಯೂಟ್ಯೂಬಿಗೆ ಹಾಕುತ್ತಿದ್ದ.

ಅಂಥದಕ್ಕೆ ಎರಡು ಗಿಟಾರು ಬೇಕು. ಒಂದು ರಾಗ ಹಿಡಿದು ಓಡಿದರೆ ಇನ್ನೊಂದು ಅದರ ಮಗ್ಗುಲಲ್ಲೇ, ಒಂದು ಮೆಟ್ಟಿಲು ಕೆಳಗೆ, ಕೈ ಹಿಡಿದ ಹಾಗೆ ಓಡಬೇಕು. ಆ ಎರಡನೆಯದು ಸುವರ್ಣಾ. ದೇವರ ಹಿಪ್ಪರಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸುವರ್ಣಾ ಟೀಚರು ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಂದು ಇಂಥ ಗದ್ದಲ ಎಬ್ಬಿಸುತ್ತಾಳೆಂದು ಊರಿಗೆ ಗೊತ್ತಿರಲಿಲ್ಲ.

ಶುರುವಾದದ್ದು ಚಿಕ್ಕಂದಿನಲ್ಲಿ, ಹಿಪ್ಪರಗಿಯಲ್ಲೇ, ನಬಿಲಾಲ ಕಾಕಾನ ವಿಡಿಯೋ ಗೇಮ್ ಅಂಗಡಿಯಲ್ಲಿ. ಧರ್ಮರಾಜ ತಾಯಿ ಮರೆವ್ವನ ಸಂಗಡ ಸಂತೆಗೆ ಬಂದವನು. ಸುವರ್ಣಾ ಶಂಕರೆಪ್ಪ ಗೌಡರ ಮಗಳು, ಮನೆಯಲ್ಲಿ ಸುಳ್ಳು ಹೇಳಿ ಬಂದವಳು. ಕ್ಯಾಸೆಟ್ಟಿನ ಮೇಲಿನ ಚೀನಾ ಅಕ್ಷರ ಯಾರಿಗೂ ಬಾರದು. ಕೋಟೆ ಏರುವ ಆಟವಾದ್ದರಿಂದ ಹುಡುಗರೆಲ್ಲ ಅದಕ್ಕೆ ‘ಕೋಟಿ ಆಟ’ ಅನ್ನುತ್ತಿದ್ದರು. ಇಬ್ಬರು ಕೂಡಿ ಆಡಬೇಕು. ಅವನ ಮೊಣಕೈ ಅವಳ ಮೊಣಕೈಗೆ ತಾಗುತ್ತಿತ್ತು. ಅವಳು ಪರದೆಯಿಂದ ಕಣ್ಣು ಕೀಳದೆ ತುಟಿಯ ಒಂದೇ ಅಂಚಿನಲ್ಲಿ ನಗುತ್ತಿದ್ದಳು. ಆ ನಗೆ ನೋಡಹೋಗಿ ಅವನು ಕಂದಕಕ್ಕೆ ಬಿದ್ದು ಸಾಯುತ್ತಿದ್ದ.

“ನನ್ನ ಯಾಕ ನೋಡ್ತಿ? ಕೋಟಿ ನೋಡು.”

“ಕೋಟಿ ಎಲ್ಲಿಗೂ ಹೋಗಂಗಿಲ್ಲ.”

“ನಾ ಹೋಗ್ತೇನೇನು?”

ಇಷ್ಟು ವರ್ಷವಾದರೂ ಅದೇ ಕಥೆ. ಗಿಟಾರಿನ ಕಿವಿ ತಿರುವುತ್ತ ಅವನು ಓರೆಗಣ್ಣಿನಲ್ಲಿ ನೋಡಿದರೆ, ಅವಳು ತಲೆ ಎತ್ತದೆ, “ಪಾಠದ ಕಡೆ ಲಕ್ಷ್ಯ ಇರ್ಲಿ” ಅನ್ನುತ್ತಿದ್ದಳು. ಹಾಗೆ ಅನ್ನುವಾಗ ಕಿವಿಯ ಹಿಂದಿನಿಂದ ಜಾರಿದ ಒಂದೆಳೆ ಕೂದಲು ತಂತಿಯವರೆಗೂ ಇಳಿಯುತ್ತಿತ್ತು. ಅವನ ಬೆರಳು ತಪ್ಪುತ್ತಿತ್ತು.

ಈ ಸಲ ಬಾರಿಸಿದ್ದು ಕೋಟಿ ಆಟದ ರಾಗವನ್ನೇ. ವಿಡಿಯೋದಲ್ಲಿ ಇಬ್ಬರ ಮುಖವೂ ಕಾಣಬೇಕು ಎಂದು ಅವಳು ಹೇಳಿದ್ದಳು. ಅವನು ಹೂಂ ಅಂದಿದ್ದ. ಅಂದವನು, ಅವಳು ಹೋದ ಮೇಲೆ ಕೆಂಪು ಟೀ ಶರ್ಟು ಹಾಕಿಕೊಂಡು ಅವಳ ಜಾಗದಲ್ಲಿ ತಾನೇ ಕೂತು ಮತ್ತೆ ಶೂಟ್ ಮಾಡಿದ್ದ.

“ನಾಳಿ ಇಂಡಿ ಊರಿಂದ ಗಂಡಿನವರು ನನ್ನ ನೋಡಾಕ ಬರ್ತಾರ,” ಅಂದಳು ಸುವರ್ಣಾ. “ಬಾಯಿಲೆ ಹೇಳಾಕ ಧೈರ್ಯ ಆಗಲಿಲ್ಲ. ನೀ ಹಾಕಿದಿ ಅಂತ ಗೊತ್ತಾದ ಕೂಡ್ಲೆ, ನಾನೂ ನೋಡಲಾರದ, ಅಪ್ಪನ ಮುಂದ ಮೊಬೈಲ್ ಇಟ್ಟೆ. ಇಬ್ಬರೂ ಬಾಜೂಕ ಕುಂತದ್ದು ನೋಡಿದ್ರ ತಾನ ತಿಳಿತೈತಿ ಅಂದ್ಕೊಂಡೆ.” ದನಿ ಒಡೆಯಿತು. “ಅಪ್ಪ ಪೂರಾ ನೋಡಿದ. ತಲಿ ಅಲ್ಲಾಡಿಸಿದ. ‘ಛಲೋ ಬಾರಿಸ್ತಾರವ್ವಾ. ಎರಡನೇದಾಂವ ಇವನ ತಮ್ಮೇನು?’ ಅಂದ.”

ಧರ್ಮರಾಜ ಅಂಗಡಿಯ ಬಾಗಿಲು ಮುಂದಕ್ಕೆ ಮಾಡಿದ.

“ನಿನ್ನ ಮಾರಿ ನನ್ನ ಮಗ್ಗಲಕ ಕಂಡ್ರ ನಿನ್ನ ಮನ್ಯಾಗ ಕೂಡಿ ಹಾಕ್ತಾರ, ಸುವ್ವೀ. ನಮ್ಮ ಓಣಿ ಯಾವುದು, ನಿಮ್ಮ ಓಣಿ ಯಾವುದು? ನಾಕ ಮಂದಿ ಬಡಿಗಿ ಹಿಡಕೊಂಡು ಬಂದ್ರ ಮನ್ಯಾಗ ನಮ್ಮವ್ವ ಒಬ್ಬಾಕಿ ಇರ್ತಾಳ.”

“ಅದು ನನಗೂ ಗೊತ್ತೈತಿ. ನನ್ನ ಮುಂದ ಹೇಳಬೇಕಿತ್ತು. ಇಬ್ಬರೂ ಕೂಡಿ ಅಂಜತಿದ್ವಿ.”

ಅವನು ಕೆಳಗೆ ನೋಡುತ್ತ, “ನಾಳಿ ಅವರು ಬಂದು ಹೋಗ್ಲಿ. ಒಲ್ಲೆ ಅನ್ನು. ಸ್ವಲ್ಪ ದಿನ ತಡಿ. ನಾ ಎಲ್ಲಾ ಹೊಂದಿಸ್ತೇನಿ,” ಅಂದ.

ಸುವರ್ಣಾ ಗೋಡೆಯ ಮೊಳೆಯ ಕಡೆ ನೋಡಿದಳು. ತನ್ನ ಅಂಗಡಿ ಕಾಯಂ ಮುಚ್ಚುವಾಗ ನಬಿಲಾಲ ಕಾಕಾ ಕೊಟ್ಟ, ಕೋಟಿ ಆಟದ ಎರಡು ರಿಮೋಟು ಅಲ್ಲಿ ತೂಗುತ್ತಿದ್ದವು. ಮೊದಲನೆಯದಕ್ಕೆ ಸ್ಟಾರ್ಟ್ ಬಟನ್ ಇತ್ತು. ಆಟ ನಡುವೆ ನಿಲ್ಲಿಸುವುದಕ್ಕೂ ಅದೇ. ಎರಡನೆಯದಕ್ಕೆ ಆ ಬಟನ್ನೇ ಇಲ್ಲ. ಮೊದಲನೆಯದು ಯಾವಾಗಲೂ ಧರ್ಮರಾಜನದು. ಅವಳ ಬೊಂಬೆ ಕಂದಕ ಜಿಗಿಯುವಾಗ ಬೇಕೆಂದೇ ನಿಲ್ಲಿಸಿ, ಅದನ್ನು ಗಾಳಿಯಲ್ಲಿ ತೂಗಬಿಟ್ಟು, ಅವನು ಚುರಮುರಿ ತಿನ್ನುತ್ತ ಕಾಡುತ್ತಿದ್ದ. ಅವಳು ಅವನ ಬೆನ್ನಿಗೆ ಗುದ್ದುತ್ತಿದ್ದಳು. “ಬಿದ್ದರ ಬೀಳ್ತೇನಿ, ಬಿಡೋ.”

ಅವಳು ಎರಡನೇ ರಿಮೋಟನ್ನು ಕೈಗೆ ತೆಗೆದುಕೊಂಡು, ಬಟನ್ ಇಲ್ಲದ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ತಿರುಗಿ ಮೊಳೆಗೆ ಸಿಕ್ಕಿಸಿದಳು.

“ಬಿದ್ದರ ಬೀಳ್ತೇನಿ, ಧರ್ಮಾ. ಹಿಂಗ ತೂಗಾಕ ಇನ್ನ ನನ್ನಿಂದ ಆಗಂಗಿಲ್ಲ.”

ಚಪ್ಪಲಿ ಮೆಟ್ಟಿ ಹೊರಟಳು. ಅವನು ತಡೆಯಲಿಲ್ಲ. ಸಿಟ್ಟಾಗಿ ಹೋಗುವುದು ಅವಳಿಗೆ ಹೊಸದಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿದು, ಇನ್ನೊಂದು ಗ್ಲಾಸು ಹಿಡಿದು ಬಂದು, “ಕುಡಿ, ಹುಚ್ಚಪ್ಪಾ” ಅನ್ನುತ್ತಿದ್ದಳು. ಧರ್ಮರಾಜ ವಿಡಿಯೋ ಅಳಿಸಿದ. ಅವಳ ಸ್ಟೂಲನ್ನು ತನ್ನ ಸ್ಟೂಲಿನ ಬಾಜೂಕ್ಕೆ ಎಳೆದು, ಎರಡೂ ಕಾಣುವ ಹಾಗೆ ಕ್ಯಾಮೆರಾ ಇಟ್ಟ. ಅವಳ ಗಿಟಾರಿನ ತಂತಿ ಬಿಗಿದು ಶ್ರುತಿ ಮಾಡಿದ. ಸಡಿಲಿದ್ದರೆ ಬೈಯುತ್ತಾಳೆ.

ಹೊತ್ತು ಇಳಿಯಿತು. ಮನೆಯಿಂದ ಮರೆವ್ವನ ಫೋನು ಬಂತು.

“ಉಣ್ಣಾಕ ಬರ್ತಿಯೋ ಇಲ್ಲೋ?”

“ತಡಿ ಬೇ. ಒಬ್ಬರು ಬರೋದೈತಿ.”

“ಯಾರು?”

“ಸುವರ್ಣಾ.” ಆ ಹೆಸರನ್ನು ಅವನು ಅವ್ವನ ಮುಂದೆ ಎಂದೂ ಆಡಿರಲಿಲ್ಲ.

“ಯಾ ಸುವರ್ಣಾ?”

ಹೊರಗೆ ಕಂಡಕ್ಟರು ಹಿಪ್ಪರಗಿ, ಹಿಪ್ಪರಗಿ ಎಂದು ಕೂಗುತ್ತಿದ್ದ. ಧರ್ಮರಾಜ ಹೇಳಿದ. ಸಂತೆಯಿಂದ ಹಿಡಿದು ಇಂಡಿಯವರ ತನಕ ಎಲ್ಲ ಹೇಳಿದ. ಹೇಳುತ್ತಿರುವಾಗಲೇ ಬಸ್ಸು ಹೊರಳಿ, ಹಾರ್ನು ಹಾಕಿ, ಹೋಯಿತು.

ಮರೆವ್ವನ ದನಿ ಏರಿತು.

“ಇಷ್ಟು ವರ್ಷ ನನಗ್ಯಾಕ ಹೇಳ್ಲಿಲ್ಲೋ ಖೋಡಿ? ಕರಕೊಂಡ ಬಾ. ಇನ್ನೆರಡ ರೊಟ್ಟಿ ಬಡಿತೇನಿ.”

“ಹೂಂ ಬೇ,” ಎಂದು ಫೋನು ಇಟ್ಟ. ಅವಳ ಗಿಟಾರಿನ ಆಂಪ್ಲಿಫೈಯರು ಗುಂಯ್ ಅನ್ನುತ್ತಿತ್ತು. ಅದನ್ನು ಆರಿಸದೆ, ಬಾಗಿಲ ಕಡೆ ಮುಖ ಮಾಡಿ ಕೂತ. ಆ ಶನಿವಾರ ಸುವರ್ಣಾ ತಿರುಗಿ ಬರಲಿಲ್ಲ, ಆಮೇಲಿನ ಯಾವ ಶನಿವಾರವೂ ಬರಲಿಲ್ಲ.