ಒಡಕು ಚೂರಿನ ಮೆಟ್ಟಿಲು

ಬಹಳ ಬಹಳ ಹಿಂದೆ ಮುಗಿಲಪುರ ಅನ್ನೋ ರಾಜ್ಯ ಒಂದಿತ್ತು. ಎಲ್ಲಿತ್ತು ಅಂತ ನನ್ನ ಕೇಳಬೇಡಿ, ಇತ್ತು ಅಂದಮೇಲೆ ಇತ್ತು. ಅದರ ರಾಜಧಾನಿಯಲ್ಲಿ ಗುಡ್ಡಕ್ಕೆ ಆತುಕೊಂಡು ಒಂದು ಕೇರಿ. ಗುಡ್ಡದ ತುದಿಯಲ್ಲಿ ಸಿಹಿನೀರಿನ ಬುಗ್ಗೆ. ಕೇರಿಯವರೆಲ್ಲ ಅಲ್ಲಿಂದಲೇ ನೀರು ಹೊತ್ತು ತರುತ್ತಿದ್ದರು.

ಆ ಬುಗ್ಗೆಯ ಮೇಲೆ ಮಂಕರಾಯ ಅನ್ನೋ ಮಾಂತ್ರಿಕನ ಕಣ್ಣು ಬಿತ್ತು. ನೀರೆಲ್ಲ ಅವನೊಬ್ಬನಿಗೇ ಬೇಕಂತೆ, ಹಾಳಾದವನು! ಒಂದು ದೈತ್ಯ ಉಡವನ್ನು ತಂದು ಗುಡ್ಡದ ಮೇಲೆ ಬಿಟ್ಟ. ಅದು ದಿನಾ ಮುಂಜಾನೆ ಮಾರುದ್ದ ನಾಲಿಗೆ ಚಾಚಿ ದಾರಿಯನ್ನು ನೆಕ್ಕಿ ನೆಕ್ಕಿ ಬೆಣ್ಣೆಯ ಹಾಗೆ ನುಣ್ಣಗೆ ಮಾಡುತ್ತಿತ್ತು. ಹತ್ತಲು ಹೋದವರು ಜಾರಿ ಸೀದಾ ಕೇರಿಗೇ ಬಂದು ಬೀಳುತ್ತಿದ್ದರು.

ಅವನು ಬಂದ ದಿನ ದೊಡ್ಡತಾಯಮ್ಮ ಅನ್ನೋ ಹೆಂಗಸು ಬುಗ್ಗೆಯಲ್ಲಿ ಕೊಡ ತುಂಬುತ್ತಿದ್ದಳು. ಮಂಕರಾಯ ಅವಳ ಮೇಲೆ ಬೂದಿ ಎರಚಿದ. ಅವಳ ಪಾದ ಅಲ್ಲೇ ಕಲ್ಲಾಯಿತು.

"ದಿನದಿನಕ್ಕೆ ಇವಳು ಕಲ್ಲಾಗ್ತಾಳೆ. ಇವಳ ದನಿ ನಿಂತ ದಿನ ಪೂರಾ ಕಲ್ಲು!" ಅಂತ ಮೇಲಿಂದ ಕೂಗಿ ಹೇಳಿದ.

ಕೆಳಗೆ ಅವಳ ಮಗಳು ಹೊನ್ನಿ ಒಬ್ಬಳೇ ಉಳಿದಳು. ಸಂಜೆಯಾದರೆ ಗುಡ್ಡದ ಮೇಲಿಂದ ತಾಯಿಯ ದನಿ ಬರುತ್ತಿತ್ತು.

"ಹೊನ್ನೀ, ಉಂಡ್ಯಾ ಮಗಾ?"

"ಉಂಡೇ ಅವ್ವಾ!"

ಎಷ್ಟೋ ದಿನ ಅವಳು ಉಂಡಿರುತ್ತಿರಲಿಲ್ಲ. ಗಂಟಲಲ್ಲಿ ತುತ್ತು ಇಳಿದರೆ ತಾನೇ? ಆದರೆ ಅವ್ವನ ಹತ್ತಿರ ಹಾಗಂತ ಹೇಳೋಕಾಗುತ್ತಾ? ಬರಬರುತ್ತಾ ಆ ದನಿ ಸಣ್ಣಗಾಯಿತು. ಹೊನ್ನಿಗೆ ಜೀವವೇ ಹಾರಿಹೋದ ಹಾಗಾಯಿತು.

ಅವಳು ಮನೆಮನೆಗೆ ಹೋದಳು. "ಗುಡ್ಡಕ್ಕೆ ಮೆಟ್ಟಿಲು ಕಟ್ಟೋಣ. ಬರೀ ಗಾರೆ ಆ ಉಡದ ನಾಲಿಗೆಗೆ ಕರಗುತ್ತೆ. ಮೇಲೆ ಹೊದಿಸೋಕೆ ಗಟ್ಟಿಯಾದದ್ದು ಏನಾದ್ರೂ ಕೊಡಿ" ಅಂದಳು.

ಈಗ ಆ ಕೇರಿಯವರ ಒಂದು ಪದ್ಧತಿ ಹೇಳಬೇಕು. ಒಡೆದ ಸಾಮಾನು ಮನೆಯಲ್ಲಿದ್ದರೆ ಅಲ್ಲಿ ಮಾನ ಇರಲ್ಲ, ಲಕ್ಷ್ಮಿಯೂ ಇರಲ್ಲ ಅಂತ ಅವರ ನಂಬಿಕೆ. ಲೋಟ ಒಡೆದರೆ ಸಾಕು, "ಆಗಲೇ ಬಿಸಾಕಿಬಿಟ್ಟೆ" ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳುತ್ತಿದ್ದರು. ಹೀಗಿರುವಾಗ ಮೆಟ್ಟಿಲಿಗೆ ಒಡಕು ಕೊಟ್ಟಾರೆಯೇ? ಪಕ್ಕದ ಮನೆ ಜವರಮ್ಮ ಹೊಚ್ಚಹೊಸ ಪಿಂಗಾಣಿ ತಟ್ಟೆ ತಂದಳು. ಅವಳಿಗಿಂತ ನಾವೇನು ಕಮ್ಮಿ ಅಂತ ಉಳಿದವರು ಇನ್ನೂ ದೊಡ್ಡ ತಟ್ಟೆ ತಂದರು. ಮೆಟ್ಟಿಲು ಥಳಥಳ ಅಂದಿತು. ಮುಂಜಾನೆ ಉಡ ಬಂತು, ಲೊಚಲೊಚ ನೆಕ್ಕಿತು, ತಟ್ಟೆಗಳನ್ನೆಲ್ಲ ಎಬ್ಬಿಸಿ ಉರುಳಿಸಿ ಹೋಯಿತು.

ಎರಡನೇ ಸಲ ದೊರೆಯೇ ಬಂದ. ಒಳ್ಳೆಯವನು ಪಾಪ, ಆದರೆ ದೊರೆ ಅಲ್ಲವೇ? ಅರಮನೆಯ ಅಮೃತಶಿಲೆ ಹೊರಿಸಿ ತಂದು ಹಾಸಿಸಿದ. ಮುಂಜಾನೆ ಉಡ ಬಂತು, ಲೊಚಲೊಚ ನೆಕ್ಕಿತು. ಮೊದಲಿಗಿಂತ ಜಾರಿಕೆ ಜಾಸ್ತಿಯಾಯಿತು. ನೋಡೋಣ ಅಂತ ಕಾಲಿಟ್ಟ ದೊರೆ ಒಂದು ಕಡೆ ಬಿದ್ದ, ಕಿರೀಟ ಇನ್ನೊಂದು ಕಡೆ ಬಿತ್ತು.

ಆ ಸಂಜೆ ತಾಯಿಯ ದನಿ ಕೇಳಿಸಿದ್ದು ಬರೀ "ಉಂಡ್ಯಾ" ಅನ್ನೋದಷ್ಟೇ.

ಹೊನ್ನಿ ಮನೆಯೊಳಗೆ ಹೋದಳು. ಒರಳಿನ ಹಿಂದೆ ಬಚ್ಚಿಟ್ಟಿದ್ದ ಗಂಟನ್ನು ತಂದು ಎಲ್ಲರ ಮುಂದೆ ಬಿಚ್ಚಿದಳು. ಒಳಗೆ ಒಂದು ನೀಲಿ ಬಟ್ಟಲಿನ ಚೂರುಗಳು.

"ಅಯ್ಯೋ ನಿನ್ನ! ಒಡಕು ಮನೇಲಿ ಇಟ್ಕೊಂಡಿದ್ಯಾ?" ಅಂದಳು ಜವರಮ್ಮ.

"ಇಟ್ಕೊಂಡಿದ್ದೆ ಅತ್ತೆ. ಅವ್ವ ಇದರಲ್ಲೇ ನಂಗೆ ಕಲಸಿ ತಿನ್ನಿಸ್ತಿದ್ದದ್ದು. ಬಿಸಾಕೋಕೆ ಮನಸ್ಸು ಬರಲಿಲ್ಲ. ನನ್ನ ಹತ್ರ ಇನ್ನೇನೂ ಉಳಿದಿಲ್ಲ."

ಅವಳು ಅಳುತ್ತಲೇ ಮೆಟ್ಟಿಲಿಗೆ ಮತ್ತೆ ಗಾರೆ ಮೆತ್ತಿ ಒಂದೊಂದೇ ಚೂರು ಒತ್ತಿದಳು. ಜವರಮ್ಮ ತನ್ನ ಮನೆಗೆ ಹೋದಳು. ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದಳು. ಹಸಿರು ಬಳೆಚೂರು.

"ನನ್ನ ತೀರಿಹೋದ ಮಗಳದ್ದು. ನಾನೂ ಬಿಸಾಕಿರಲಿಲ್ಲ ಕಣೇ" ಅಂದಳು.

ಅಷ್ಟೇ ನೋಡಿ, ಕೇರಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಅಟ್ಟದಿಂದ, ಪೆಟ್ಟಿಗೆಯಿಂದ, ಕಣಜದ ಹಿಂದಿನಿಂದ ಒಡಕು ಹೊರಗೆ ಬಂತು. ಅಜ್ಜನ ಹೂಜಿ, ಮದುವೆಯ ಕನ್ನಡಿ, ಸಣ್ಣ ಕೂಸಿನ ಲೋಟ. ಬಿಸಾಕಿದ್ದೇವೆ ಅಂದವರೆಲ್ಲ ಬಚ್ಚಿಟ್ಟವರೇ! ದೊರೆಯೂ ಜೇಬಿನಿಂದ ಕಿವಿ ಮುರಿದ ಒಂದು ಮಣ್ಣಿನ ಕುದುರೆ ತೆಗೆದುಕೊಟ್ಟ. ಯಾರೂ ನಗಲಿಲ್ಲ.

ಮುಂಜಾನೆ ಉಡ ಬಂತು. ಲೊಚ ಅಂತ ಒಂದೇ ಸಲ ನೆಕ್ಕಿತು. ಚೂರಿನ ಅಂಚು ಕಚಕ್ಕನೆ ನಾಲಿಗೆ ಸೀಳಿತು. ಬೊಬ್ಬೆ ಹೊಡೆದು ಓಡಿದ್ದು ಮತ್ತೆ ಬರಲಿಲ್ಲ. ಉಡಗಳಿಗೆಲ್ಲ ಸೀಳುನಾಲಿಗೆ ಬಂದದ್ದು ಅವತ್ತಿನಿಂದಲೇ.

ಹೊನ್ನಿ ಮುಂದೆ, ಕೇರಿ ಹಿಂದೆ, ಎಲ್ಲರೂ ಹತ್ತಿದರು. ಕಾಲಿಗೆ ಚುಚ್ಚಲಿಲ್ಲವೇ ಅಂತೀರಾ? ಚುಚ್ಚಿತು, ಆದರೂ ಹತ್ತಿದರು. ಆ ಗುಡ್ಡವನ್ನು ಯಾರೂ ಹತ್ತಲಾಗದು ಅನ್ನೋದರಲ್ಲೇ ಮಂಕರಾಯನ ಶಕ್ತಿಯೆಲ್ಲ ಇದ್ದದ್ದು. ಒಬ್ಬೊಬ್ಬರು ಮೇಲೆ ಬಂದ ಹಾಗೆಲ್ಲ ಅವನು ಗೇಣುಗೇಣು ಕುಗ್ಗಿದ. ಕೊನೆಗೆ ಕಪ್ಪೆಯಷ್ಟಾಗಿ ಹುಲ್ಲಿನೊಳಗೆ ಕುಪ್ಪಳಿಸಿ ಹೋದ.

ಆದರೆ ಬುಗ್ಗೆಯ ಹತ್ತಿರ ದೊಡ್ಡತಾಯಮ್ಮ ಕಲ್ಲಾಗಿ ನಿಂತಿದ್ದಳು. ತುಟಿಯೂ ಕಲ್ಲು. ಹೊನ್ನಿ ಸಂಜೆಯವರೆಗೂ ಕಾದಳು. ದನಿ ಬರಲಿಲ್ಲ. ಅವಳು ಆ ತಣ್ಣನೆಯ ಕೆನ್ನೆ ಹಿಡಿದುಕೊಂಡಳು.

"ಅವ್ವಾ, ನಾನು ಸುಳ್ಳು ಹೇಳ್ತಿದ್ದೆ. ಉಂಡಿರ್ತಿರಲಿಲ್ಲ." ಆಮೇಲೆ, ಹುಟ್ಟಿದಾಗಿನಿಂದ ಒಂದು ಸಲವೂ ಕೇಳದ ಮಾತನ್ನು ಕೇಳಿದಳು. "ನೀನು ಉಂಡ್ಯಾ ಅವ್ವಾ?"

ಕಲ್ಲಿನ ಕಣ್ಣಲ್ಲಿ ನೀರು ಬಂತು. ನೀರು ಹರಿದಲ್ಲೆಲ್ಲ ಕಲ್ಲು ಮೈಯಾಯಿತು.

"ಇಲ್ಲ ಮಗಾ" ಅಂದಳು ತಾಯಿ. "ತುಂಬಾ ಹಸಿವು."

ಜವರಮ್ಮ ಓಡಿಹೋಗಿ ಅನ್ನದ ತಪ್ಪಲೆ ತಂದಳು. ದೊರೆಯಿಂದ ಹಿಡಿದು ಎಲ್ಲರೂ ಆ ಮೆಟ್ಟಿಲ ಮೇಲೆ ಸಾಲಾಗಿ ಕೂತು ಉಂಡರು, ಬದುಕಿರುವವರೆಗೂ ನಗುನಗುತ್ತಾ ಇದ್ದರು.

ಮೆಟ್ಟಿಲು ಈಗಲೂ ಇದೆ, ಹೋಗಿ ನೋಡಿ. ಸಾವಿರ ಪಾದ ತುಳಿದು ಅಂಚೆಲ್ಲ ಸವೆದಿದೆ, ಚುಚ್ಚುವುದಿಲ್ಲ. ಹತ್ತುವಾಗ ಯಾವುದಾದರೂ ಮನೆಯಿಂದ "ಉಂಡ್ಯಾ?" ಅಂತ ಕೇಳುತ್ತಾರೆ. ಉಂಡಿಲ್ಲದಿದ್ದರೆ ಉಂಡೆ ಅನ್ನಬೇಡಿ. ಒಳಗೆ ಹೋಗಿ ಕೂತುಕೊಳ್ಳಿ. ಕೇಳಿದವರನ್ನೂ ಒಂದು ಮಾತು ಕೇಳಿ.