ಚುಕ್ಕಾಣಿಯ ಬಿಳಿ ಹಿಟ್ಟು

೧೯೩೭ರ ಕಾರ್ತಿಕ. ಬೆಳಕು ಹರಿದಾಗ ಅರ್ಗಾದ ಬಂಡೆಗಳ ಮೇಲೆ ಮೀನು ಸಾಗಿಸುವ ಲಾಂಚು ಒಡೆದು ಬಿದ್ದಿತ್ತು. ನಡೆಸುತ್ತಿದ್ದ ಜಟ್ಟು ಸತ್ತಿದ್ದ. ಕಾರವಾರದ ಪೇಟೆಗೆ ಹೊರಟಿದ್ದ ಬೆಳಂಬಾರದ ಇಬ್ಬರು ಹೆಂಗಸರೂ ಸತ್ತಿದ್ದರು.

ಚುಕ್ಕಾಣಿ ತಿರುಗಿಸುವ, ಹಗುರಾದ ಮ್ಯಾಗ್ನೀಸಿಯಂ ಲೋಹದ ತೋಳು ನಡುವೆ ಮುರಿದಿತ್ತು. ಮುರಿದಲ್ಲಿ ಅರದಿಂದ ಉಜ್ಜಿದ ಗೀರುಗಳು.

"ಯಾರೋ ಅರ ಹಾಕಿದಾರೆ ಸಾಹೇಬ್ರೆ," ಎಂದು ಮಾಬ್ಲೇಶ್ವರ ಫೌಜದಾರರಿಗೆ ಹೇಳಿದ. ಕಾರವಾರದಲ್ಲಿ ಆ ತೋಳನ್ನು ಎರಕ ಹೊಯ್ದವನು ಅವನೇ. "ಲಾಂಚಿನಲ್ಲಿ ಅರ ಇರೂದು ಬೊಮ್ಮು ಹತ್ರ ಮಾತ್ರ."

ಬೊಮ್ಮು ಎಂಜಿನ್ ನೋಡಿಕೊಳ್ಳುವವನು, ಜಟ್ಟುವಿನ ತಂಗಿ ಗಂಗಿಯ ಗಂಡ. ಹಿಂದಿನ ವಾರ ಜಟ್ಟುವೂ ಅವನೂ ಜಗಳವಾಡಿದ್ದರು. ಅಂದು ಬೊಮ್ಮು ಲಾಂಚು ಹತ್ತಿರಲಿಲ್ಲ. ಫೌಜದಾರ ಹರಿಶ್ಚಂದ್ರರಾಯರಿಗೆ ಅಷ್ಟು ಸಾಕಾಯಿತು. ಕೈಕೋಳ ತೊಡಿಸಿದರು.

ಗಂಗಿ ಬೊಬ್ರುವಾಡಕ್ಕೆ ಓಡಿದಳು. ಮುಂಬಯಿಯಲ್ಲಿ ಲೋಹಗಳ ಪರೀಕ್ಷೆ ಮಾಡುತ್ತ ಇಪ್ಪತ್ತು ವರ್ಷ ದುಡಿದು ಮರಳಿದ್ದ ತುಳಸಿದಾಸ ಅಲ್ಲಿದ್ದ.

"ಅಣ್ಣ ಹೋದ. ಗಂಡನ್ನ ಹಿಡ್ಕಂಡು ಹೋದ್ರು. ಅಂವ ಜ್ವರ ಬಂದು ಮಲಗಿದ್ದ ಒಡೆಯಾ, ನಾನೇ ಗಂಜಿ ಕುಡ್ಸಿದ್ದೆ."

"ಜಗಳ ಎಂತಕೆ ಆಗಿತ್ತು?"

"ಆ ತೋಳು ಬಿಳಿ ಹಿಟ್ಟು ಬಿಡ್ತದೆ, ತೆಗೆದು ಹಾಕು ಅಂದ ಇಂವ. ಮಾಬ್ಲೇಶ್ವರ ನೋಡಿ ಸರಿ ಮಾಡಿ ಕೊಟ್ಟಿದಾನೆ ಅಂದ ಅಣ್ಣ."

ತುಳಸಿದಾಸ ಎದ್ದು ಅಂಗಿ ತೊಟ್ಟ.

ಮಧ್ಯಾಹ್ನ ಫೌಜದಾರರನ್ನೂ ಗಂಗಿಯನ್ನೂ ಕರೆದುಕೊಂಡು, ಮುರಿದ ತೋಳನ್ನೂ ಹಿಡಿದುಕೊಂಡು ಅವನು ಮಾಬ್ಲೇಶ್ವರನ ಎರಕದ ಮನೆಗೆ ಹೋದ. ಮೂಲೆಯಲ್ಲಿ ಅದೇ ಲಾಂಚಿಗೆ ಮೊದಲಿದ್ದ ಹಳೆಯ ತೋಳು ಬಿದ್ದಿತ್ತು. ಮುಂಬಯಿಯಿಂದ ಬಂದದ್ದು, ತುಸು ಬಾಗಿದ್ದು.

"ಇದು ಸಮುದ್ರದಲ್ಲಿ ಎಷ್ಟು ಕಾಲ ಇತ್ತು?"

"ನಾಲ್ಕು ವರ್ಷ. ಮೆತ್ತಗಾಯ್ತು, ಗಟ್ಟಿದು ಬೇಕು ಅಂದ್ರು ಲಾಂಚಿನ ಧಣಿಗಳು."

"ನೀವು ಹೊಯ್ದದ್ದು?"

"ಮೂರು ತಿಂಗಳು."

ತುಳಸಿದಾಸ ಎರಡೂ ತೋಳುಗಳಿಂದ ಒಂದಿಷ್ಟು ಪುಡಿ ಕೆರೆದು, ಸಮುದ್ರದ ನೀರು ತುಂಬಿದ ಎರಡು ಲೋಟಗಳಿಗೆ ಹಾಕಿದ. ಹಳೆಯದು ಸುಮ್ಮನೆ ತಳಕ್ಕಿಳಿಯಿತು. ಹೊಸದರಿಂದ ಗುಳ್ಳೆಗಳು ಬುಸಬುಸನೆ ಎದ್ದವು.

"ಎರಡೂ ಮ್ಯಾಗ್ನೀಸಿಯಂ ಅಲ್ವಾ?" ಫೌಜದಾರರು ಕೇಳಿದರು.

"ಬೆರೆಸಿದ್ದು ಬೇರೆ. ಹಳೆಯದರಲ್ಲಿ ಮ್ಯಾಂಗನೀಸ್ ಇದೆ. ಅದು ಬಲ ಹೆಚ್ಚು ಕೊಡೂದಿಲ್ಲ, ಉಪ್ಪುನೀರು ತಡೀತದೆ. ಹೊಸದಕ್ಕೆ ಬಲ ಬರ್ಲಿ ಅಂತ ಅಲ್ಯೂಮಿನಿಯಂ ಹಾಕಿದಾರೆ. ತಪ್ಪಲ್ಲ. ಆದ್ರೆ ಕಬ್ಬಿಣದ ಮೂಸೆಯಲ್ಲಿ ಕರಗಿಸಿದಾಗ ಕಬ್ಬಿಣ ಸೇರ್ತದೆ. ಅದು ಚೂರು ಸೇರಿದ್ರೂ ಸಮುದ್ರ ಲೋಹವನ್ನ ತಿಂತದೆ, ಬಿಳಿ ಹಿಟ್ಟು ಬರ್ತದೆ. ಆ ಕಬ್ಬಿಣವನ್ನ ಹಿಡಿದು ತಳಕ್ಕಿಳಿಸೂಕೆ ಮ್ಯಾಂಗನೀಸಿನ ಉಪ್ಪು ಹಾಕಲೇಬೇಕು."

ಅವನು ಹಲಗೆಯ ಮೇಲಿನ ಡಬ್ಬಿ ಇಳಿಸಿದ. ಮುಂಬಯಿಯಿಂದ ಬಂದ ಗುಲಾಬಿ ಬಣ್ಣದ ಉಪ್ಪು. ಮುಚ್ಚಳದ ಅರಗು ಒಡೆದಿರಲಿಲ್ಲ.

"ಮರೆತೋಯ್ತು," ಎಂದ ಮಾಬ್ಲೇಶ್ವರ. "ಮರೆವಿಗೆ ಗಲ್ಲಿಗೆ ಹಾಕ್ತ್ರಾ? ಅರದ ಗೀರು ನಾನು ಹಾಕಿದ್ದಲ್ಲ."

"ಹೌದಾ? ರಾಯರೆ, ಗೀರಿನ ಒಳಗೆ ನೋಡಿ."

ಫೌಜದಾರರು ಭೂತಗಾಜು ಹಿಡಿದರು. ಬಹಳ ಹೊತ್ತು ನೋಡಿದರು. "ಹಸಿರು ಬಣ್ಣ."

"ನಿನ್ನೆ ಬೊಮ್ಮು ಅರ ಹಾಕಿದ್ರೆ ಬಣ್ಣ ಕಿತ್ತು ಬರ್ತಿತ್ತು. ಇಲ್ಲಿ ಗೀರಿನ ಮೇಲೆ ಬಣ್ಣ ಬಳಿದಿದೆ. ಜಟ್ಟು ತಂದು ತೋರಿಸಿದಾಗ ಬಿಳಿ ಹಿಟ್ಟನ್ನ ಅರದಿಂದ ಉಜ್ಜಿ, ತೂತುಗಳನ್ನ ಬಣ್ಣದಲ್ಲಿ ಮುಚ್ಚಿ, ಸರಿಯಾಯ್ತು ಅಂತ ವಾಪಸ್ ಕೊಟ್ಟೋರು ಮಾಬ್ಲೇಶ್ವರ. ಒಳಗೆ ತೋಳು ಕೊಳೀತಿದೆ ಅಂತ ಗೊತ್ತಿದ್ದೂ. ಇವತ್ತು ಅದೇ ಗೀರನ್ನ ಬೊಮ್ಮು ತಲೆಗೆ ಕಟ್ಟಿದ್ರು."

ಮಾಬ್ಲೇಶ್ವರ ಒಪ್ಪಿಕೊಂಡ. "ಕೆಟ್ಟೋಯ್ತು ಅಂದ್ರೆ ಧಣಿಗಳು ಇನ್ನು ಕೆಲ್ಸ ಕೊಡ್ತಿರ್ಲಿಲ್ಲ. ಮಳೆಗಾಲದ ತನಕ ತಡೀತದೆ ಅಂದ್ಕಂಡೆ."

"ನನ್ನಣ್ಣ ನಿನ್ನ ನಂಬಿದ್ದ," ಎಂದಳು ಗಂಗಿ. ಅವಳ ದನಿ ಏರಲಿಲ್ಲ. "ನನ್ನ ಗಂಡನ ಮಾತು ಬಿಟ್ಟು ನಿನ್ನ ಮಾತು ಕೇಳಿದ್ದ."

ಫೌಜದಾರರು ಮಾಬ್ಲೇಶ್ವರನಿಗೆ ಕೈಕೋಳ ತೊಡಿಸಿದರು.

ಸಂಜೆಯೊಳಗೆ ಬೊಮ್ಮುವನ್ನು ಬಿಟ್ಟರು. ಜ್ವರ ಇನ್ನೂ ಇಳಿದಿರಲಿಲ್ಲ. ಗಂಗಿ ಅವನ ರಟ್ಟೆ ಹಿಡಿದು ಬೆಳಂಬಾರಕ್ಕೆ ಕರೆದೊಯ್ದಳು. ಜಟ್ಟುವಿನ ಹೆಣಕ್ಕೆ ಹೆಗಲು ಕೊಡಲು ಮನೆಯಲ್ಲಿ ಬೇರೆ ಗಂಡಸಿರಲಿಲ್ಲ.